ಕವರ್ ತೆಗೆಯದ ಕಂಪ್ಯೂಟರ್

ನಮ್ಮ ಮನೆಗೆ ಬಂದ ಯಾವ ಹೊಸ ಸಾಮಾನಿಗೂ ಎಂದೂ ನೇರವಾಗಿ ಗಾಳಿ ಸೋಕುತ್ತಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ತಯಾರಿಸಿದವರು ಅಂಟಿಸಿ ಕಳಿಸಿದ ತೆಳು ಪ್ಲಾಸ್ಟಿಕ್ ಹಾಳೆ ಹಾಗೇ ಅದರ ಮೈಮೇಲಿತ್ತು. ಮೂಲೆಗಳಲ್ಲಿ ಎದ್ದು, ಹಳದಿಗೆ ತಿರುಗಿ, ಪೊರೆ ಬಿಡಲು ಮರೆತ ಹಾವಿನ ಹಾಗೆ ಕಾಣುತ್ತಿತ್ತು. ಟೀವಿಯ ರಿಮೋಟು ಬಂದ ದಿನ ತೊಟ್ಟ ಚೀಲದಲ್ಲೇ ಬದುಕುತ್ತಿತ್ತು. ಒಳಗಿನ ಅಂಕಿಗಳು ಯಾರಿಗೂ ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ಒತ್ತುತ್ತಿದ್ದೆವು, ಬಂದ ಚಾನೆಲ್ ನೋಡುತ್ತಿದ್ದೆವು. ಸೋಫಾದ ದಪ್ಪ ಕವರು ಈಗಲೂ ಬೇಸಿಗೆಯಲ್ಲಿ ಕೂತವರ ಮೈಗೆ ಅಂಟಿಕೊಂಡು, ಅವರು ಎದ್ದರೆ ಚರ್ರೆಂದು ಸದ್ದು ಮಾಡುತ್ತದೆ. ಆ ಸದ್ದು ಕೇಳಿದ್ದೇ ಅವ್ವ ಅಡುಗೆಮನೆಯಿಂದ, "ಯಾಕೆ, ಹೊಂಟೇಬುಟ್ರಾ? ಉಂಡ್ಕೊಂಡ್ ಹೋಗಿ" ಎನ್ನುತ್ತಾಳೆ. ನಮ್ಮ ಮನೆಯಿಂದ ಯಾರೂ ಸದ್ದಿಲ್ಲದೆ ಎದ್ದು ಹೋಗುವಂತಿಲ್ಲ.

ಇದನ್ನು ಜಿಪುಣತನ ಎಂದು ದಯವಿಟ್ಟು ತಿಳಿಯಬೇಡಿ. ಇದರ ಹಿಂದೆ ಒಂದು ದರ್ಶನವೇ ಇದೆ. ವಸ್ತುವನ್ನು ಬಳಸಿದರೆ ಹಳೆಯದಾಗುತ್ತದೆ. ಬಳಸದಿದ್ದರೆ ಹೊಸದಾಗಿಯೇ ಇರುತ್ತದೆ. ಹೊಸದಾಗಿದ್ದರೆ ಮುಂದೆ ಎಂದಾದರೂ ಬಳಸಬಹುದು. ಆ 'ಮುಂದೆ' ಎಂಬುದು ಯಾವಾಗ ಬರುತ್ತದೆ ಎಂದು ಮಾತ್ರ ಕೇಳಬಾರದು, ಕೇಳಿದರೆ ಸಿದ್ಧಾಂತ ಕುಸಿಯುತ್ತದೆ. ನಮ್ಮ ಶೋಕೇಸಿನಲ್ಲಿರುವ ಹೂವಿನ ಚಿತ್ರದ ಗಾಜಿನ ಲೋಟಗಳು, ಯಾರಾದರೂ ದೊಡ್ಡ ಮನುಷ್ಯರು ಮನೆಗೆ ಬಂದಾಗ ಪಾನಕ ಕೊಡಲೆಂದು ನಾನು ಹುಟ್ಟುವ ಮೊದಲಿನಿಂದ ಕಾಯುತ್ತಿದ್ದವು. ಅಷ್ಟು ದೊಡ್ಡ ಮನುಷ್ಯರು ನಮ್ಮೂರು ತಿಪ್ಪಸಂದ್ರದ ಕಡೆ ಬರಲೇ ಇಲ್ಲ.

ಇಂಥ ಮನೆಯಲ್ಲಿ ಬೆಳೆದವನ ಕೈಗೆ ಒಂದು ಹೊಸ ಕಂಪ್ಯೂಟರ್ ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಿದೆ. ನಗುತ್ತ ಶುರು ಮಾಡಿದ್ದೇನೆ. ಕೊನೆಯವರೆಗೂ ಹೀಗೇ ನಗುತ್ತಿರುತ್ತೇನೆ ಎಂದು ಮಾತು ಕೊಡಲಾರೆ.

ನಾನು ಮಾಗಡಿಯ ಒಂದು ಫೋಟೊ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವವನು. ಮದುಮಗನ ಮೂಗಿನ ಮೇಲಿನ ಮೊಡವೆ ಅಳಿಸುವುದು, ಧಾರೆಯ ಹೊತ್ತಿಗೇ ಮನೆಯವರೊಂದಿಗೆ ಜಗಳವಾಡಿಕೊಂಡ ನೆಂಟರನ್ನು ಗುಂಪಿನಿಂದ ತೆಗೆದು ಆ ಜಾಗದಲ್ಲಿ ಹೂಕುಂಡ ಇಡುವುದು, ಕಣ್ಣು ಮುಚ್ಚಿಕೊಂಡ ಸೋದರಮಾವನಿಗೆ ಬೇರೆ ಫೋಟೊದಿಂದ ಕಣ್ಣು ತಂದು ಕೂರಿಸುವುದು ನನ್ನ ವಿದ್ಯೆಗಳು. ಇಷ್ಟಕ್ಕೇ ನಮ್ಮ ಬೀದಿಯವರು ನನ್ನನ್ನು ಕಂಪ್ಯೂಟರ್ ಇಂಜಿನಿಯರ್ ಎಂದು ಕರೆಯುತ್ತಿದ್ದರು. ನಾನು ತಿದ್ದಲಿಲ್ಲ. ಯಾರ ಮನೆಯ ಮಿಕ್ಸಿ ಕೆಟ್ಟರೂ ನನಗೇ ಬುಲಾವ್. ಹೋಗಿ, ಪ್ಲಗ್ ತೆಗೆದು ಮತ್ತೆ ಹಾಕಿ, ಹುಬ್ಬು ಗಂಟಿಕ್ಕಿ, "ಬೋರ್ಡ್ ಹೋಗೈತೆ" ಎಂದು ಹೇಳಿ ಕಾಫಿ ಕುಡಿದು ಬರುತ್ತಿದ್ದೆ. ಮಿಕ್ಸಿಯೊಳಗೆ ಬೋರ್ಡ್ ಇರುತ್ತದೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಕಂಪ್ಯೂಟರ್ ತಂದದ್ದು ತಾತನಿಗಾಗಿ. ತಾತ ಎಂದರೆ ನಮ್ಮಪ್ಪನ ಅಪ್ಪ, ಹೊನ್ನಯ್ಯ. ಮಾಗಡಿಯಿಂದ ರಾಮನಗರದ ಮೇಲೆ ಕನಕಪುರಕ್ಕೆ ಹೋಗುವ ಖಾಸಗಿ ಬಸ್ಸೊಂದರ ಡ್ರೈವರ್ ಆಗಿದ್ದವನು. ಬೆಳಗಿನ ಟ್ರಿಪ್ಪಿನಲ್ಲಿ ಬಸ್ಸಿನ ತಲೆಯ ಮೇಲೆ ರೇಷ್ಮೆಗೂಡಿನ ಚೀಲಗಳು, ಒಳಗೆ ಗೂಡಿಗಿಂತ ಒತ್ತಾಗಿ ಜನ. ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ಮೊದಲು ಮುಟ್ಟಿಸಬೇಕು. ಹಾಗೆಂದು ಜೋರಾಗಿ ಬಿಟ್ಟರೆ ಗೂಡು ಅದುರುತ್ತದೆ. ಈ ಎರಡರ ನಡುವೆ ತಾತ ತನ್ನ ಜೀವಮಾನ ಸವೆಸಿದ. ಕೆಲಸ ಬಿಟ್ಟ ದಿನ ಅವನು ಬಸ್ಸಿನಿಂದ ಮನೆಗೆ ತಂದದ್ದು ಒಂದೇ ವಸ್ತು, ಗೇರ್ ಕಡ್ಡಿಯ ತುದಿಗೆ ಸಿಕ್ಕಿಸುವ ಗೇರಿನ ಗುಂಡು. ಚನ್ನಪಟ್ಟಣದ ಬೊಂಬೆ ಮಾಡುವವರಲ್ಲಿ ಹೇಳಿ ಕಡೆಸಿದ್ದ ಮರದ ಗುಂಡು ಅದು. ಕೆಂಪು ಹಳದಿ ಅರಗಿನ ಪಟ್ಟೆಗಳಿದ್ದವಂತೆ. ನಾನು ನೋಡುವ ಹೊತ್ತಿಗೆ ಪಟ್ಟೆಗಳೆಲ್ಲ ಅಂಗೈಗೆ ಹತ್ತಿಹೋಗಿ, ಹಿಡಿತದ ಅಚ್ಚು ಮಾತ್ರ ಉಳಿದಿತ್ತು. ನಮ್ಮ ಮನೆಯಲ್ಲಿ ಬಳಸಿ ಬಳಸಿ ಸವೆದ ವಸ್ತು ಎಂದರೆ ಅದೊಂದೇ.

ತಾತನ ಕಣ್ಣಿನ ನರ ಒಣಗುತ್ತಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಹಾಗಲ್ಲ, ಹೋದ ನೋಟ ವಾಪಸ್ ಬರುವುದಿಲ್ಲ, ಹನಿ ಬಿಟ್ಟುಕೊಂಡು ಇರುವುದನ್ನು ಸ್ವಲ್ಪ ಕಾಲ ಕಾಪಾಡಿಕೊಳ್ಳಬಹುದು ಎಂದು ರಾಮನಗರದ ಡಾಕ್ಟರು ಹೇಳಿದ್ದರು. ಅಕ್ಕಪಕ್ಕದ್ದು ಕಾಣದಾಗಿ, ಪೈಪಿನೊಳಗಿಂದ ನೋಡಿದಂತೆ ನಡುವಿನದಷ್ಟೇ ಕಾಣುತ್ತಿತ್ತು. ತಾತ ಅದನ್ನು ತನ್ನ ಭಾಷೆಯಲ್ಲಿ ಎಲ್ಲರಿಗೂ ವಿವರಿಸುತ್ತಿದ್ದ. "ಎರಡು ಸೈಡ್ ಮಿರರ್ರೂ ಹೋಗವೆ ಕಣಪ್ಪ. ಮುಂದ್ಗಡೆ ಗ್ಲಾಸ್ ಒಂದ್ ಐತೆ. ಅದೂ ಒಸಿ ಮಂಜು."

ಒಂದು ಸಂಜೆ ಫೋನಿನ ವಿಡಿಯೊದಲ್ಲಿ ಯಾರೋ ಬಸ್ ಓಡಿಸುವ ಆಟ ಆಡುವುದನ್ನು ನೋಡುತ್ತಿದ್ದೆ. ತಾತ ಬಂದು ಫೋನನ್ನು ಕಸಿದು ಮೂಗಿನ ಹತ್ತಿರ ಹಿಡಿದುಕೊಂಡ.

"ಇದ್ಯಾವ್ ರೂಟ್ಲಾ?"

"ರೂಟ್ ಅಲ್ಲ ತಾತ, ಗೇಮು. ಕೂತ್ಕೊಂಡಲ್ಲೇ ಓಡಿಸೋದು."

"ಕೂತ್ಕೊಂಡಲ್ಲೇ ತಾನೆ ನಾನೂ ಓಡಿಸ್ತಿದ್ದುದ್ದು. ನಂಗೂ ಆಯ್ತದಾ?"

"ಆಗ್ದೆ ಏನು. ಆದ್ರೆ ಫೋನಲ್ಲಿ ಬ್ಯಾಡ. ಕಂಪ್ಯೂಟ್ರು ತತ್ತೀನಿ. ದೊಡ್ಡ ಸ್ಕ್ರೀನು, ಸ್ಟೇರಿಂಗು, ಎಲ್ಲಾ ಹಾಕ್ಕೊಡ್ತೀನಿ."

ತಾತ ಫೋನು ವಾಪಸ್ ಕೊಟ್ಟು, "ಬಿರ್ನೆ ತತ್ತಾ ಮಗ. ಗ್ಲಾಸ್ ಪೂರ್ತಿ ಮಂಜಾಗೋಕ್ ಮುಂಚೆ" ಎಂದ.

ಕಂಪ್ಯೂಟರ್ ತಂದೆ. ಅಗ್ಗದ ಭಾಗಗಳಲ್ಲೇ ಅಗ್ಗದವನ್ನು ಆರಿಸಿ, ಬೆಂಗಳೂರಿನ ಒಂದು ಅಂಗಡಿಯಲ್ಲಿ ಜೋಡಿಸಿಕೊಂಡು, ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಕರೆತರುವವನಂತೆ ಬಸ್ಸಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಂದೆ. ಆಟಕ್ಕೆ ಬೇಕಾದ ಗ್ರಾಫಿಕ್ಸ್ ಕಾರ್ಡನ್ನೂ ಹಾಕಿಸಿದ್ದೆ. ಕಾರ್ಡ್ ಎಂದರೆ ಪರದೆಯ ಮೇಲೆ ಚಿತ್ರ ಬಿಡಿಸಲೆಂದೇ ಇರುವ ವಿಶೇಷ ಆಳು ಎಂದುಕೊಳ್ಳಿ. ತಾತ ಕಂಪ್ಯೂಟರಿಗೆ ಹೊಸ ಗಾಡಿಗೆ ಮಾಡುವ ಪೂಜೆಯನ್ನೇ ಮಾಡಿದ. ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿ, ಅಡಿಗೆ ನಿಂಬೆಹಣ್ಣು ಇಟ್ಟ. ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕು, ಇದಕ್ಕೆ ಚಕ್ರವಿಲ್ಲ. ಕೊನೆಗೆ ಅಪ್ಪ ಪೆಟ್ಟಿಗೆ ಎತ್ತಿ ಹಣ್ಣಿನ ಮೇಲೆ ಕೂರಿಸಿ ಪಿಚಕ್ಕೆನಿಸಿದ. ಮಾನಿಟರಿನ ಮುಂದೆ ತೆಂಗಿನಕಾಯಿ ಒಡೆಯಲು ಹೋದದ್ದನ್ನು ಅವ್ವ ತಡೆದಳು.

ಆಮೇಲೆ ವೈರು ಜೋಡಿಸುವ ಕೆಲಸ ಇಂಜಿನಿಯರ್ ಸಾಹೇಬರದು. ಪೆಟ್ಟಿಗೆಯ ಹಿಂದೆ ಮಾನಿಟರಿನ ವೈರು ಚುಚ್ಚಲು ಒಂದೇ ಆಕಾರದ ಬಾಯಿಗಳು ಎರಡು ಕಡೆ ಇದ್ದವು. ಮೇಲಿನದು ತೆರೆದಿತ್ತು. ಕೆಳಗಿನ ಕಾರ್ಡಿನವಕ್ಕೆ ಪುಟ್ಟ ಕಪ್ಪು ಪ್ಲಾಸ್ಟಿಕ್ ಮುಚ್ಚಳಗಳು. ಮುಚ್ಚಳ ಕಂಡರೆ ತೆಗೆಯುವ ವಂಶದವನೇ ಅಲ್ಲ ನಾನು. ತಯಾರಿಸಿದವರೇ ಮುಚ್ಚಿ ಕಳಿಸಿದ್ದಾರೆ ಎಂದರೆ ಕಾರಣವಿರಬೇಕು, ತೆಗೆದರೆ ಗ್ಯಾರಂಟಿ ಹೋದೀತು, ಮುಂದೆ ಎಂದಾದರೂ ಬೇಕಾದಾಗ ಇರಲಿ ಎಂದುಕೊಂಡು ಮೇಲಿನದಕ್ಕೆ ಚುಚ್ಚಿದೆ. ಚಿತ್ರ ಬಂತು. ಪೆಟ್ಟಿಗೆಯ ಮುಂದಿನ ಜಾಲರಿಗೆ ಅಂಟಿಸಿದ್ದ ಹಾಳೆಗೆ ನಾನು ಕೈ ಹಾಕಿದಾಗ ಅವ್ವ, "ಇರ್ಲಿ ಬುಡು, ಧೂಳ್ ಕೂರಕ್ಕಿಲ್ಲ" ಎಂದಳು. ಬಿಟ್ಟೆ. ಈ ಎರಡು ಸಂಗತಿಗಳನ್ನು ನೀವು ನೆನಪಿಟ್ಟುಕೊಳ್ಳಿ, ನಾನಂತೂ ಆ ಕ್ಷಣವೇ ಮರೆತೆ.

ಮೊದಲ ದಿನ ತಾತ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು, ಪರದೆಯ ಮುಂದೆ ಕೂತ. ಬಿಡದಿಯಲ್ಲಿ ಕಾರು ಫ್ಯಾಕ್ಟರಿಯ ಶಿಫ್ಟಿಗೆ ಹೋಗುವ ನನ್ನ ಗೆಳೆಯ ಲೋಕಿ ತಾನು ಬಳಸಿ ಬಿಟ್ಟಿದ್ದ ಆಟದ ಸ್ಟೇರಿಂಗೊಂದನ್ನು ಕೊಟ್ಟಿದ್ದ. ತಾತ ಅದನ್ನು ಟವೆಲಿನಿಂದ ಒರೆಸಿ, ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಎಡಗೈಯಲ್ಲಿ ಗೇರಿನ ಗುಂಡು. ಅದು ಯಾವುದಕ್ಕೂ ಸಿಕ್ಕಿಸಿರಲಿಲ್ಲ, ಸುಮ್ಮನೆ ತೊಡೆಯ ಮೇಲಿತ್ತು, ಆದರೂ ಸರಿಯಾದ ಕಡೆ ಸರಿಯಾದ ಗೇರಿಗೆ ಹೋಗುತ್ತಿತ್ತು. ಬಸ್ಸು ಹೊರಟಿತು. ಹೊರಟಿತು ಎಂದರೆ, ನಿಂತು ನಿಂತು, ಎಗರಿ ಎಗರಿ, ಫೋಟೊ ಮೇಲೆ ಫೋಟೊ ಜೋಡಿಸಿದಂತೆ ಹೊರಟಿತು. ತಾತನಿಗೆ ಅದರ ಪರಿವೆಯೇ ಇಲ್ಲ. ಯಾವುದೋ ಹೊರದೇಶದ ರಸ್ತೆಯಲ್ಲಿ ನಮ್ಮ ತಾತ ಎದುರಿಗೆ ಬಂದವರನ್ನೆಲ್ಲ ಬೈಯುತ್ತ, ಹಾರ್ನ್ ಎಲ್ಲಿದೆ ಎಂದು ಕೇಳುತ್ತ, ತಿರುವಿನಲ್ಲಿ ಕುರ್ಚಿ ಸಮೇತ ವಾಲುತ್ತ ಹೋಗುತ್ತಿದ್ದ. ಅಷ್ಟು ಖುಷಿಯಾಗಿ ಅವನನ್ನು ನೋಡಿ ಎಷ್ಟೋ ಕಾಲವಾಗಿತ್ತು.

ನಾನು ತಾತನನ್ನು ನೋಡುತ್ತಿರಲಿಲ್ಲ, ಪರದೆಯ ಮೂಲೆಯನ್ನು ನೋಡುತ್ತಿದ್ದೆ. ಅಲ್ಲಿ ಹದಿನೆಂಟು ಎಂಬ ಸಂಖ್ಯೆ ಮಿನುಗುತ್ತಿತ್ತು.

ಆ ಸಂಖ್ಯೆಯ ವಿಷಯ ಹೇಳಬೇಕು. ಚಿಕ್ಕವರಿದ್ದಾಗ ನೋಟ್‌ಬುಕ್ಕಿನ ಹಾಳೆಯ ಮೂಲೆಗಳಲ್ಲಿ ಒಂದೊಂದು ಚಿತ್ರ ಬರೆದು, ಹೆಬ್ಬೆರಳಿನಿಂದ ಜರ್ರನೆ ಬಿಟ್ಟರೆ ಚಿತ್ರದ ಮನುಷ್ಯ ಓಡುತ್ತಿದ್ದನಲ್ಲ, ಕಂಪ್ಯೂಟರಿನ ಆಟವೂ ಅದೇ. ಒಂದು ಸೆಕೆಂಡಿಗೆ ಎಷ್ಟು ಹಾಳೆ ತಿರುವುತ್ತದೆ ಎಂಬುದೇ ಆ ಸಂಖ್ಯೆ. ಅರವತ್ತಾದರೆ ಬೆಣ್ಣೆ. ಮೂವತ್ತಾದರೆ ನಡೆಯುತ್ತದೆ. ಹದಿನೆಂಟು ಎಂದರೆ ಮರ್ಯಾದೆಯ ಪ್ರಶ್ನೆ. ಇಂಟರ್ನೆಟ್ಟಿನಲ್ಲಿ ನನ್ನದೇ ಭಾಗಗಳ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಅರವತ್ತು ಮುಟ್ಟಿದ್ದರು. ಈ ಸಂಖ್ಯೆಯಲ್ಲಿ ಒಂದು ದೋಷವಿದೆ. ಒಮ್ಮೆ ಅದು ಕಣ್ಣಿಗೆ ಬಿದ್ದರೆ ಆಟ ಕಾಣುವುದಿಲ್ಲ. ಊಟಕ್ಕೆ ಕೂತವನು ಅನ್ನ ಬಿಟ್ಟು ತಟ್ಟೆಯ ತೂಕ ಮಾಡಿದ ಹಾಗೆ.

"ತಾತ, ಇಳಿ. ಇದು ಇನ್ನೂ ಸರಿಯಾಗಿಲ್ಲ" ಎಂದೆ.

"ಚೆನ್ನಾಗೇ ಐತಲ್ಲೊ."

"ಜರ್ಕ್ ಹೊಡೀತೈತೆ, ಕಾಣಲ್ವಾ?"

"ನಮ್ ಬಸ್ಸು ಇದ್ಕಿಂತ ಹೊಡೀತಿತ್ತು. ಕನಕಪುರಕ್ಕೆ ಹೋಗ್ ಬರೋದ್ರೊಳಗೆ ತಿಂದಿದ್ದೆಲ್ಲ ಮೊಸರಾಗ್ಬುಡೋದು. ಇರ್ಲಿ, ಇನ್ನೊಂದು ಸ್ಟಾಪ್ ಹೋಗ್ಬುಡ್ತೀನಿ."

"ಬ್ಯಾಡ ತಾತ. ಎರಡ್ ದಿನ ಬುಡು. ನೀಟಾಗಿ ಮಾಡ್ಕೊಡ್ತೀನಿ, ಆಮೇಲ್ ನೋಡು."

ತಾತ ಇಳಿದ. ಇಳಿಯುವಾಗ ಸ್ಟೇರಿಂಗನ್ನು ಮತ್ತೆ ಕಣ್ಣಿಗೊತ್ತಿಕೊಂಡ. ಆ ಇನ್ನೊಂದು ಸ್ಟಾಪನ್ನು ನಾನು ಈಗಲೂ ಕನಸಿನಲ್ಲಿ ಹುಡುಕುತ್ತಿರುತ್ತೇನೆ.

ನನ್ನ ರಿಪೇರಿ ಪರ್ವ ಶುರುವಾಯಿತು. ಮೊದಲು ಆಟದೊಳಗಿನ ಅಲಂಕಾರಗಳನ್ನು ಕಡಿಮೆ ಮಾಡಿದೆ. ನೆರಳು ತೆಗೆದೆ, ಜನರೆಲ್ಲ ದೆವ್ವಗಳ ಹಾಗೆ ನೆರಳಿಲ್ಲದೆ ಓಡಾಡಿದರು. ಹುಲ್ಲು ತೆಗೆದೆ, ನೀರಿನ ಹೊಳಪು ತೆಗೆದೆ, ಮರದ ಎಲೆ ತೆಗೆದೆ. ದೂರದ ಬೆಟ್ಟಗಳನ್ನು ತೆಗೆದಾಗ ಮಾತ್ರ, ರಾಮನಗರದ ಬಂಡೆಗಳನ್ನು ನೋಡಿಕೊಂಡೇ ಬೆಳೆದವನಿಗೆ ಒಂದಿಷ್ಟು ಕಸಿವಿಸಿಯಾಯಿತು. ಲೋಕ ಬೋಳಾಯಿತು. ಸಂಖ್ಯೆ ಇಪ್ಪತ್ತೆರಡಾಯಿತು. ನಾನು ವಿಜಯೋತ್ಸವ ಆಚರಿಸಿ, ಮಾರನೆಯ ದಿನ ನೋಡಿದರೆ ಮತ್ತೆ ಹದಿನೆಂಟು.

ಇಂಟರ್ನೆಟ್ಟಿನ ವಿಡಿಯೊಗಳಲ್ಲಿ ಒಬ್ಬ ಮಹಾನುಭಾವ ಮೆಮೊರಿಯ ಪಟ್ಟಿಯನ್ನು ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಎಂದಿದ್ದ. ಉಜ್ಜಿದೆ. ಎಷ್ಟು ಉಜ್ಜಿದೆನೆಂದರೆ, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಅದರಲ್ಲಿದ್ದ ನೆನಪುಗಳೆಲ್ಲ ಅಳಿಸಿಹೋಗಿ ಕಂಪ್ಯೂಟರು ತಾನು ಯಾರೆಂದು ಕೇಳುತ್ತಿತ್ತು. ಇನ್ನೊಬ್ಬ, ಬಿಸಿಯಾದರೆ ನಿಧಾನವಾಗುತ್ತದೆ ಎಂದ. ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಮುಖಕ್ಕೇ ತಿರುಗಿಸಿದೆ. ಗಾಳಿ ಜಾಲರಿಯ ಮೇಲಿನ ಪ್ಲಾಸ್ಟಿಕ್ ಹಾಳೆಗೆ ಬಡಿದು, ಪಟಪಟ ಎಂದು ಸದ್ದು ಮಾಡಿ, ನನ್ನ ಮುಖಕ್ಕೇ ವಾಪಸ್ ಬಂತು. ಆ ಪಟಪಟ ಸದ್ದಿನಲ್ಲಿ ಹಾಳೆ ನನ್ನೊಡನೆ ಏನೋ ಹೇಳುತ್ತಿತ್ತೆಂದು ಈಗ ಅನ್ನಿಸುತ್ತದೆ. ಆಗ ನನಗೆ, ಫ್ಯಾನ್ ಚಿಕ್ಕದಾಯಿತು ಎನ್ನಿಸಿತು. ಅಪ್ಪ ರಾಗಿ ತೂರುವಾಗ ಇಡುವ ದೊಡ್ಡ ಫ್ಯಾನ್ ತಂದೆ. ಅವ್ವನ ಪೂಜೆಯ ದೀಪ ಮೂರು ಕೋಣೆಯಾಚೆ ಆರಿಹೋಯಿತು. ಸಂಖ್ಯೆ ಕದಲಲಿಲ್ಲ.

ಲೋಕಿಗೆ ಫೋನು ಮಾಡಿದೆ. ಅವನು ಶಿಫ್ಟಿಗೆ ಹೋಗುವ ರೈಲಿನಲ್ಲೋ ತಟ್ಟೆ ಇಡ್ಲಿಯ ಮುಂದೆಯೋ ಇರುತ್ತಿದ್ದ.

"ಡ್ರೈವರ್ ಹಳೇದಾಗಿರ್ತದೆ ಕಣ್ಲಾ. ತೆಗ್ದಾಕಿ ಹೊಸದ್ ಹಾಕು" ಎಂದ. ಅವನು ಹೇಳಿದ್ದು ಕಾರ್ಡನ್ನು ನಡೆಸುವ ಸಾಫ್ಟ್‌ವೇರಿನ ಬಗ್ಗೆ. ಸ್ಪೀಕರ್ ಆನ್ ಆಗಿತ್ತು, ತಾತ ಪಕ್ಕದಲ್ಲೇ ಇದ್ದ.

"ಹೌದಪ್ಪ, ಡ್ರೈವರ್ ಹಳೇದಾದ. ಎಲ್ರೂ ಅದನ್ನೇ ಹೇಳಿ ಮನೆಗೆ ಕಳ್ಸಿದ್ರು" ಎಂದ ತಾತ.

ನಾನೂ ಲೋಕಿಯೂ ನಕ್ಕೆವು. ತಾತನೂ ನಕ್ಕ. ಎಲ್ಲರಿಗಿಂತ ಬೇಗ ನಿಲ್ಲಿಸಿದವನು ಅವನೇ.

ಡ್ರೈವರ್ ಬದಲಾಯಿತು. ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಕರೆಂಟಿನದೇ ದೋಷವಿರಬೇಕೆಂದು ಪ್ಲಗ್ ಪಾಯಿಂಟ್ ಬದಲಿಸಿದೆ. ಮೋಟರ್ ಓಡುವಾಗ ವೋಲ್ಟೇಜ್ ಇಳಿಯುತ್ತದೆಂದು ಅನುಮಾನಿಸಿ ಅಪ್ಪನಿಗೆ, ನಾನು ಟೆಸ್ಟ್ ಮಾಡುವಾಗ ಹಿಪ್ಪುನೇರಳೆಗೆ ನೀರು ಬಿಡಬೇಡ ಎಂದೆ. ಅಪ್ಪ ನನ್ನನ್ನು ಒಂದು ನಿಮಿಷ ನೋಡಿ, ಹೋಗಿ ಮೋಟರ್ ಹಾಕಿದ. ಅಂಗಡಿಯವನಿಗೆ ಫೋನು ಮಾಡಿ ಮೋಸ ಮಾಡಿದ್ದೀಯ ಎಂದು ಕೂಗಾಡಿದೆ. ಪಾಪ, ಅವನು ಕೊಟ್ಟ ಕಾರ್ಡು ನಮ್ಮ ಮನೆಯ ಪೆಟ್ಟಿಗೆಯೊಳಗೆ ಕೆಲಸವಿಲ್ಲದೆ ಕೂತು ನನ್ನ ಬೈಗುಳ ಕೇಳುತ್ತಿತ್ತು.

ಈ ನಡುವೆ ತಾತ ಪ್ರತಿದಿನ ಸ್ನಾನ ಮುಗಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

"ಗಾಡಿ ಬುಡ್ತದಾ ಇವತ್ತು?"

"ಇಲ್ಲ ತಾತ, ವರ್ಕ್‌ಶಾಪಲ್ಲೈತೆ."

"ಹಂಗೇ ಒಂದ್ ರೌಂಡ್ ಕೊಡು, ಜರ್ಕ್ ಹೊಡುದ್ರೆ ಹೊಡೀಲಿ."

"ಅರ್ಧಂಬರ್ಧ ಬ್ಯಾಡ ತಾತ. ಕೊಟ್ರೆ ಚೆನ್ನಾಗಿರೋದೇ ಕೊಡ್ತೀನಿ."

ಎಷ್ಟು ದೊಡ್ಡ ಮನಸ್ಸಿನ ಮಾತು ನೋಡಿ. ಫ್ರಿಜ್ಜಿನ ಹಾಳೆಯೂ ಅದನ್ನೇ ಹೇಳುತ್ತಿತ್ತು, ಶೋಕೇಸಿನ ಲೋಟವೂ ಅದನ್ನೇ. ನಾನು ಕಾಲೇಜು ಮೆಟ್ಟಿಲು ಹತ್ತಿ, ಅವ್ವನ ಪ್ಲಾಸ್ಟಿಕ್ಕನ್ನು ಗೆಳೆಯರ ಮುಂದೆ ಗೇಲಿ ಮಾಡಿದವನು. ಅವ್ವ ಸಾಮಾನಿಗೆ ಕವರು ಹಾಕಿದಳು. ನಾನು ತಾತನ ಖುಷಿಗೇ ಹಾಕಿದೆ.

ಬರಬರುತ್ತ ತಾತ ಬಾಗಿಲಿಗೆ ಬರುವಾಗ ಗೋಡೆ ಹಿಡಿದುಕೊಳ್ಳತೊಡಗಿದ. ತಟ್ಟೆಯಲ್ಲಿ ಮುದ್ದೆ ಎಲ್ಲಿದೆ, ಸಾರು ಎಲ್ಲಿದೆ ಎಂದು ಬೆರಳಿನಿಂದ ನೋಡತೊಡಗಿದ. ನಾವು ಅದನ್ನು ವಯಸ್ಸು ಎಂದುಕೊಂಡೆವು. ಅವನೂ ಏನೂ ಹೇಳಲಿಲ್ಲ. ಆಮೇಲೆ ಗಾಡಿ ಬಿಡುತ್ತದಾ ಎಂದು ಕೇಳುವುದನ್ನೂ ನಿಲ್ಲಿಸಿದ. ನನಗೆ ಅದರಿಂದ ನಿರಾಳವಾಯಿತು. ಒತ್ತಡವಿಲ್ಲದೆ ರಿಪೇರಿ ಮಾಡಬಹುದಲ್ಲ.

ಹಬ್ಬದ ಮಾರನೆಯ ದಿನ ಬಾಡೂಟಕ್ಕೆ ಲೋಕಿ ಬಂದ. ಮಧ್ಯಾಹ್ನ ಉಂಡು, ಸೋಫಾದ ಮೇಲೆ ಚರ್ರೆನಿಸಿ, ಫೋನು ಚಾರ್ಜಿಗೆ ಹಾಕಲು ಕಂಪ್ಯೂಟರಿನ ಹಿಂದೆ ಬಗ್ಗಿದವನು ಹಾಗೇ ಬಗ್ಗಿಕೊಂಡೇ ಇದ್ದ. ಬೆನ್ನು ಹಿಡಿದುಕೊಂಡಿತೆಂದು ನಾನು ಎದ್ದೆ.

"ಲೇ, ಬಾ ಇಲ್ಲಿ. ಈ ಕ್ಯಾಪ್ ಯಾಕ್ಲಾ ಹಂಗೇ ಅವೆ?"

"ಕಂಪನಿ ಕ್ಯಾಪು. ತೆಗುದ್ರೆ ಗ್ಯಾರಂಟಿ ಹೋಯ್ತದೆ."

"ಮಾನಿಟರ್ ವೈರ್ ಎಲ್ಲಿಗ್ ಹಾಕಿದ್ದೀಯ?"

"ಮೇಲ್ಗಡೆ. ತೆಗ್ದಿತ್ತು, ಹಾಕ್ದೆ."

ಲೋಕಿ ನೆಲದ ಮೇಲೆ ಕೂತುಬಿಟ್ಟ. "ಅಲ್ಲ ಕಣ್ಲಾ ಇಂಜಿನಿಯರೇ. ಮದ್ವೆಗೆ ಅಡುಗೆ ಭಟ್ರನ್ನ ಕರ್ಸ್ಬುಟ್ಟು, ಅವ್ರನ್ನ ರೂಮಲ್ಲಿ ಕೂರ್ಸಿ ಬೀಗ ಹಾಕಿ, ಊರ್ಗೆಲ್ಲ ನಿಮ್ಮವ್ವನ ಕೈಲಿ ಒಲೆ ಊದ್ಸಿದಂಗಾಯ್ತು. ಕಾರ್ಡ್ ಹಾಕಿರೋದೇ ಈ ಬಾಯಲ್ಲಿ ಚಿತ್ರ ಬರ್ಲಿ ಅಂತ. ಅದ್ರ ಬಾಯಿಗೇ ಬಿರಡೆ ಹೊಡ್ದು ಇಟ್ಟಿದ್ದೀಯಲ್ಲೊ."

ಉಗುರಿನಿಂದ ಮುಚ್ಚಳ ಎಬ್ಬಿದ. ಟಕ್ಕೆಂದು ಬಿತ್ತು. ವೈರು ಕೆಳಗೆ ಚುಚ್ಚಿದ. ಮುಂದಿನ ಜಾಲರಿಯ ಹಾಳೆಯನ್ನೂ ಹಿಡಿದು ಎಳೆದ. ಅದು ಉದ್ದಕ್ಕೆ ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿಕೊಂಡು ಬಂತು. ಅವ್ವ ಅಡುಗೆಮನೆಯಿಂದ ಓಡಿಬಂದು, "ಅಯ್ಯೊ, ಅದ್ಯಾಕಪ್ಪ ಕಿತ್ತೆ, ಚೆನ್ನಾಗಿತ್ತಲ್ಲ" ಎಂದಳು.

ಆಟ ಹಾಕಿದೆವು. ಕಿತ್ತು ಹಾಕಿದ್ದ ನೆರಳು, ಹುಲ್ಲು, ಎಲೆ, ಬೆಟ್ಟ ಎಲ್ಲವನ್ನೂ ವಾಪಸ್ ಕೊಟ್ಟೆವು. ರಸ್ತೆ ಬೆಣ್ಣೆಯ ಹಾಗೆ ಹರಿಯಿತು. ಮೂಲೆಯಲ್ಲಿ ಅರವತ್ತು. ನನಗೆ ಕುಣಿಯಬೇಕೆನಿಸಿತು, ನಾಚಿಕೆಯೂ ಆಯಿತು. ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ. "ತಾತ, ಬಾ. ಗಾಡಿ ರೆಡಿ" ಎಂದು ಕೂಗಿದೆ.

ತಾತ ಬಂದ. ಅಂಗಿ ಬದಲಿಸಿಕೊಂಡೇ ಬಂದ. ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು. ನಾನು ಕುರ್ಚಿಯಲ್ಲಿ ಕೂರಿಸಿದೆ. ಸ್ಟೇರಿಂಗನ್ನು ಹುಡುಕಿ, ಮುಟ್ಟಿ, ಕಣ್ಣಿಗೊತ್ತಿಕೊಂಡ. ಗೇರಿನ ಗುಂಡು ತೊಡೆಗೆ ಬಂತು. ಪರದೆಯಲ್ಲಿ ಬೆಳಗಿನ ಬಿಸಿಲು, ಹಸಿರು ಗುಡ್ಡ, ಉದ್ದಕ್ಕೆ ಖಾಲಿ ರಸ್ತೆ. ಕೋಣೆಯಲ್ಲಿ ಹಾಡುಹಗಲು. ತಾತ ಪರದೆಯಿಂದ ಒಂದು ಗೇಣು ಎಡಕ್ಕೆ ನೋಡುತ್ತ ಕಾದ. ಆಮೇಲೆ ಹೇಳಿದ:

"ಲೈಟ್ ಹಾಕು ಮಗ."

ಲೋಕಿ ನನ್ನ ಮುಖ ನೋಡಿದ. ಅವ್ವ ಕೈಯಲ್ಲಿ ಆ ಪ್ಲಾಸ್ಟಿಕ್ ಹಾಳೆಯನ್ನು ಮಡಿಸುತ್ತಿದ್ದವಳು ಮಡಿಸುವುದನ್ನು ನಿಲ್ಲಿಸಿದಳು. ತಾತ ಮುಂದಕ್ಕೆ ಕೈ ಚಾಚಿ ಪರದೆಯನ್ನು ಮುಟ್ಟಿದ. ಬೆಚ್ಚಗಿತ್ತು.

"ಹತ್ತೈತೆ ಅಲ್ವಾ?"

"ಹೂಂ ತಾತ."

"ಎಂಗೆ, ಬೆಳಕೈತಾ ರೋಡಲ್ಲಿ?"

"ಐತೆ."

"ಹಂಗಾರೆ ಸರಿ ಬುಡು. ಗಾಡೀದೇನೂ ತಪ್ಪಿಲ್ಲ" ಎಂದು ಹೇಳಿ, ಗೋಡೆ ಹಿಡಿದುಕೊಂಡು ಜಗುಲಿಗೆ ಹೋಗಿ ಕೂತ.

ಊರಿನ ಸೋದರಮಾವಂದಿರಿಗೆಲ್ಲ ಬೇರೆ ಫೋಟೊದಿಂದ ಕಣ್ಣು ತಂದು ಕೂರಿಸುವವನು ನಾನು. ಅವತ್ತು ಸ್ಟುಡಿಯೋದ ವಿದ್ಯೆಯೆಲ್ಲ ಕೈಯಲ್ಲಿದ್ದೂ ಕೈ ಖಾಲಿಯಾಗಿತ್ತು. ಮತ್ತೆ ರಾಮನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮುಂದಿನ ಗ್ಲಾಸಿನ ಮಂಜು ಇನ್ನು ತಿಳಿಯಾಗುವುದಿಲ್ಲ ಎಂದರು. ತಾತನಿಗೆ ಅದು ಮೊದಲೇ ಗೊತ್ತಿತ್ತು. ಗಾಡಿ ಬಿಡುತ್ತದಾ ಎಂದು ಕೇಳುವುದನ್ನು ಅವನು ನಿಲ್ಲಿಸಿದ್ದು ಯಾಕೆಂದು ನನಗೆ ಗೊತ್ತಾದದ್ದು ಅಲ್ಲಿಯ ಬೆಂಚಿನ ಮೇಲೆ ಕೂತಾಗ.

ಮನೆಗೆ ಬಂದು ನಾನು ಒಂದು ಸಣ್ಣ ಹುಚ್ಚಾಟ ಮಾಡಿದೆ. ಫ್ರಿಜ್ಜಿನ ಹಾಳೆ ಕಿತ್ತೆ. ರಿಮೋಟಿನ ಚೀಲ ಹರಿದೆ; ನಮ್ಮ ರಿಮೋಟಿನಲ್ಲಿ ಅಷ್ಟು ಗುಂಡಿಗಳಿವೆಯೆಂದು ಮನೆಯವರಿಗೆಲ್ಲ ಆಗಲೇ ತಿಳಿದದ್ದು. ಶೋಕೇಸಿನ ಬೀಗ ತೆಗೆದು ಹೂವಿನ ಲೋಟ ತೊಳೆದು, ತಾತನಿಗೆ ಅದರಲ್ಲಿ ಮಜ್ಜಿಗೆ ಕೊಟ್ಟೆ. ತಾತ ಅದನ್ನು ಕೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿ, "ಇದ್ಯಾವ್ ಲೋಟವೊ, ಹಿಂಗ್ ಜಾರ್ತದೆ. ನನ್ ಸ್ಟೀಲ್ ಲೋಟ ಕೊಡು" ಎಂದ. ದೊಡ್ಡ ಮನುಷ್ಯರ ಅಭಿರುಚಿಯೇ ಬೇರೆ. ಅವ್ವ ನನ್ನನ್ನು ಬೈಯಲಿಲ್ಲ. ಸೋಫಾದ ಕವರನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಕ್ರಾಂತಿಗೂ ಒಂದು ಮಿತಿಯಿದೆ.

ಕೆಲವು ದಿನ ಕಂಪ್ಯೂಟರನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಾತನೇ ಸ್ನಾನ ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತ.

"ಆ ಗಾಡಿ ಸ್ಟಾರ್ಟ್ ಮಾಡ್ಲಾ. ಸೌಂಡಾದ್ರೂ ಕೇಳ್ತೀನಿ."

ಈಗ ನಮ್ಮ ಏರ್ಪಾಡು ಹೀಗಿದೆ. ಸ್ಟೇರಿಂಗ್ ನನ್ನದು. ತಾತ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೇರಿನ ಗುಂಡು ಹಿಡಿದು ಕೂರುತ್ತಾನೆ. ಎಂಜಿನ್ನಿನ ಸದ್ದು ಕೇಳಿ, "ಏದುಸ್ರು ಬುಡ್ತೈತೆ, ಗೇರ್ ಕಮ್ಮಿ ಮಾಡ್ಲಾ" ಎಂದು ಗದರುತ್ತಾನೆ. ಅವನ ಗುಂಡು ಮೊದಲು ಹೋಗುತ್ತದೆ, ನನ್ನ ಗೇರು ಹಿಂದಿನಿಂದ ಬೀಳುತ್ತದೆ. ಹೊರದೇಶದ ಊರುಗಳಿಗೆಲ್ಲ ಅವನು ನಮ್ಮ ಹೆಸರಿಟ್ಟಿದ್ದಾನೆ. ಮೊನ್ನೆ ಯಾವುದೋ ಸಮುದ್ರತೀರದ ನಗರದಲ್ಲಿ, ಕುದೂರಿನವರು ಇಳಿದುಕೊಳ್ಳಿ ಎಂದ.

ಈ ಏರ್ಪಾಡಿನ ಮೊದಲ ದಿನವೇ ಒಂದು ತೊಡಕು ಬಂತು. ಸ್ವಲ್ಪ ದೂರ ಹೋದ ಮೇಲೆ ತಾತ ಕೇಳಿದ, "ಹೋಯ್ತೈತಾ, ನಿಂತೈತಾ?"

"ಹೋಯ್ತೈತೆ ತಾತ, ಸ್ಪೀಡಾಗೇ."

"ಮತ್ತೆ ಅಲ್ಲಾಡ್ತಾನೇ ಇಲ್ಲ. ಅವತ್ತು ನಾನ್ ಓಡಿಸ್ದಾಗ ಎಷ್ಟ್ ಚೆನ್ನಾಗಿ ಜರ್ಕ್ ಹೊಡೀತಿತ್ತು. ಅದನ್ಯಾಕ್ ತೆಗ್ದೆ?"

ತಿಂಗಳುಗಟ್ಟಲೆ ರಬ್ಬರು ಉಜ್ಜಿ, ಫ್ಯಾನು ತಿರುಗಿಸಿ, ಅಪ್ಪನ ಮೋಟರ್ ನಿಲ್ಲಿಸಲು ಹೋಗಿ, ನಾನು ಹೊರಗೆ ಹಾಕಲು ಹೆಣಗಿದ್ದು ಅವನಿಗೆ ಬೇಕಾಗಿದ್ದ ಆ ಒಂದನ್ನೇ. ಹಾಗಾಗಿ ಬಲಗೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡು, ಎಡಗೈಯಲ್ಲಿ ತಾತನ ಕುರ್ಚಿಯ ಬೆನ್ನನ್ನು ಹಿಡಿದೆ. ಮೆಲ್ಲಗೆ ಅಲ್ಲಾಡಿಸಿದೆ. ಇನ್ನೊಂದಿಷ್ಟು ಜೋರಾಗಿ ಅಲ್ಲಾಡಿಸಿದೆ.

"ಹಾಂ, ಈಗ್ ನೋಡು" ಎಂದ ತಾತ, ಗುಂಡನ್ನು ಬಿಗಿಯಾಗಿ ಹಿಡಿದು. "ಕನಕಪುರದ ರೋಡ್ ಹಿಡೀತು."

ಅಂದಿನಿಂದ ಅದೇ ನನ್ನ ಕೆಲಸ. ಪರದೆಯ ಮೂಲೆಯಲ್ಲಿ ಅರವತ್ತು ಎಂಬುದು ಕದಲದೆ ನಿಂತಿರುತ್ತದೆ. ಅದರ ಪಾಡಿಗೆ ಅದನ್ನು ಬಿಟ್ಟು, ನಾನು ಕುರ್ಚಿ ಕುಲುಕುತ್ತಿರುತ್ತೇನೆ.